ಕೆಂಪು ಸುತ್ತಿನ ಶನಿವಾರಗಳು

ಕೋಲಾರದ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಖಾಲಿದ್ ಭಾಯಿಯ ಬ್ಯಾಗಿನ ಅಂಗಡಿಯಿದೆ. ಅಂಗಡಿಯೆಂದರೆ ಒಂದು ಹೊಲಿಗೆ ಯಂತ್ರ, ಗಿರಾಕಿಗೊಂದು ಸ್ಟೂಲು, ಮೇಲಿನಿಂದ ತೂಗುಬಿಟ್ಟ ಬ್ಯಾಗುಗಳ ಗೊಂಚಲು. ಶಾಲೆಗಳು ತೆರೆಯುವ ಮುನ್ನಿನ ವಾರಗಳಲ್ಲಿ ಅಲ್ಲಿ ಹೊಸ ರೆಕ್ಸಿನ್ನಿನ ವಾಸನೆ ಉಸಿರುಗಟ್ಟುವಷ್ಟು ದಟ್ಟವಾಗಿರುತ್ತದೆ. ಕಳೆದ ಶನಿವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋದದ್ದು ನನ್ನ ತಮ್ಮ ಮಂಜುನಾಥನ ಎರಡನೆಯ ಮಗಳಿಗೆ ಬ್ಯಾಗು ಕೊಳ್ಳಲು. ಮನೆಯಲ್ಲಿ ಎಲ್ಲರೂ ಪುಟ್ಟಿ ಎಂದು ಕರೆಯುವ ಆ ಮಗು ಈ ಜೂನಿನಲ್ಲಿ ಶಿಶುವಿಹಾರಕ್ಕೆ ಸೇರಬೇಕು. ಅವಳನ್ನು ಅದಕ್ಕೆ ತಯಾರು ಮಾಡುವ ಹೊಣೆಯನ್ನು ತಮ್ಮ ನನಗೇ ಒಪ್ಪಿಸಿದ್ದಾನೆ. ಅವಳ ಅಕ್ಕ ಸಿಂಚನಳನ್ನು ಆರು ವರ್ಷಗಳ ಹಿಂದೆ ತಯಾರು ಮಾಡಿದವಳು ನಾನೇ.

ಖಾಲಿದ್ ಭಾಯಿ ನನ್ನನ್ನು ನೋಡಿ ಯಂತ್ರ ನಿಲ್ಲಿಸಿದರು.

"ಬನ್ನಿ ಟೀಚರಮ್ಮ. ಮತ್ತೆ ಚಿಕ್ಕ ಬ್ಯಾಗಾ? ಆ ಮಾಸ್ತಿ ಅವ್ವ ಚೆನ್ನಾಗಿದಾರಾ?"

"ನಿಮಗೆ ಅವರ ಪರಿಚಯ ಹೇಗೆ?" ಎಂದೆ.

"ಪರಿಚಯ ಏನ್ ಬಂತು. ಆ ವರ್ಷ ನಿಮ್ಮನೆಗೆ ಬಂದು ವಾಪಸ್ ಹೋಗೋವಾಗ, ಮಾಲೂರು ಬಸ್ಸು ಬರೋವರೆಗೂ ಈ ಸ್ಟೂಲ್ ಮೇಲೇ ಕೂತ್ಕೊಳ್ಳೋರು. ಡಬ್ಬಿ ನಮಗೇ ಬಿಚ್ಚಿ ಕೊಟ್ಬಿಡೋರು. ಪಾಪ ತಿನ್ನಲಿಲ್ಲ, ನಿನ್ ಮಕ್ಕಳಾದ್ರೂ ತಿನ್ಲಪ್ಪ ಅನ್ನೋರು. ಒಂದ್ ವಾರ ಗಿಣ್ಣು. ಒಂದ್ ವಾರ ಹುರಿಹಿಟ್ಟಿನ ಉಂಡೆ. ನಾಲ್ಕು ಶನಿವಾರ ತಿಂದ್ವಿ ನಾವು." ಅವರು ದಾರವನ್ನು ಹಲ್ಲಿನಲ್ಲಿ ಕಡಿದರು. "ಮನೇಲಿ ಪಾಪ ಇದ್ದೂ ಯಾಕ್ ತಿನ್ನಲಿಲ್ಲ ಅಂತ ನಾನು ಕೇಳ್ಲಿಲ್ಲ. ಅವ್ರೂ ಹೇಳ್ಲಿಲ್ಲ."

ಒಂದು ನೀಲಿ ಬ್ಯಾಗನ್ನು ತೆಗೆದುಕೊಂಡು ಮನೆಯ ಕಡೆಗೆ ಹೊರಟೆ. ದಾರಿಯುದ್ದಕ್ಕೂ ರೆಕ್ಸಿನ್ನಿನ ಆ ವಾಸನೆ ನನ್ನ ಕೈಯಲ್ಲೇ ಇತ್ತು.

ನಾನು ಇಪ್ಪತ್ತೆರಡು ವರ್ಷ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಸಿಂಚನಳನ್ನು ತಯಾರು ಮಾಡಿದ ಆ ವರ್ಷದ ಜನವರಿಯಲ್ಲಿ, ಒಬ್ಬ ವಿದ್ಯಾರ್ಥಿನಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದ ವಿಚಾರ ಆಡಳಿತ ಮಂಡಳಿಯವರೆಗೆ ಹೋಗಿ, ನಾನೇ ರಾಜೀನಾಮೆ ಕೊಡುವುದು ಎಲ್ಲರಿಗೂ ಗೌರವವೆಂದು ತೀರ್ಮಾನವಾಯಿತು. ಬೆಳಿಗ್ಗೆ ಒಂಬತ್ತೂವರೆಗೆ ಸೀರೆಯ ನೆರಿಗೆಗೆ ಪಿನ್ನು ಹಾಕಿಕೊಂಡು, ಹೋಗಲು ಎಲ್ಲಿಯೂ ಇಲ್ಲದೆ ಕುಳಿತಿರುವುದು ಏನೆಂಬುದು ಮುಂದಿನ ಎರಡು ತಿಂಗಳಲ್ಲಿ ನನಗೆ ತಿಳಿಯಿತು. ಯುಗಾದಿ ಕಳೆದ ಮೇಲೆ ಮಂಜುನಾಥ ಬಂದು ಮಗಳ ವಿಷಯವೆತ್ತಿದಾಗ ನಾನು ಎರಡನೆಯ ಮಾತಿಲ್ಲದೆ ಒಪ್ಪಿದ್ದಕ್ಕೆ ಇದೂ ಒಂದು ಕಾರಣ. ಬಹುಶಃ ಇದೊಂದೇ ಕಾರಣ.

ಆಗ ಅವನೂ ಅವನ ಹೆಂಡತಿ ಶೈಲಜಾಳೂ ಮಾಲೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಸಿಂಚನ ಆರು ತಿಂಗಳ ಕೂಸಾಗಿದ್ದಾಗಿನಿಂದ ಮಾಸ್ತಿಯಲ್ಲಿ, ಶೈಲಜಾಳ ತಾಯಿ ನಾರಾಯಣಮ್ಮನ ಹತ್ತಿರ ಬೆಳೆದಿದ್ದಳು. ತೆಲುಗು ಮನೆಮಾತಾದ ಆ ಮನೆಯಲ್ಲಿ ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಡೈರಿಗೆ ಹಾಲು ಹಾಕಲು ಹೋಗುವಾಗ ಅವ್ವನ ಒಂದು ಸೊಂಟದ ಮೇಲೆ ಕ್ಯಾನು, ಇನ್ನೊಂದರ ಮೇಲೆ ಸಿಂಚನ. ಮೂರೂವರೆ ವರ್ಷ ತುಂಬಿದ ಮೇಲೂ ಹಾಗೆಯೇ.

ತಮ್ಮ ಆರಿಸಿಕೊಂಡಿದ್ದ ಕೋಲಾರದ ಶಿಶುವಿಹಾರದಲ್ಲಿ ಸೇರಿಸಿಕೊಳ್ಳುವ ಮೊದಲು ಮಗುವನ್ನು ಒಂದು ಗಂಟೆ ಒಳಗೆ ಕೂರಿಸಿಕೊಂಡು ನೋಡುತ್ತಿದ್ದರು. ಮನೆಯವರು ಗೇಟಿನ ಹೊರಗೆ ನಿಲ್ಲಬೇಕು. ಸುಮ್ಮನಿದ್ದ ಮಗುವಿಗೆ ಸೀಟು. ಅಳು ನಿಲ್ಲಿಸದ ಮಗುವಿನ ಹೆತ್ತವರಿಗೆ ಮುಂದಿನ ವರ್ಷ ಬನ್ನಿ ಎಂಬ ಉತ್ತರ.

"ಅವ್ವ ಕಣ್ಮರೆಯಾದ್ರೆ ಒಂದು ಗಳಿಗೆ ಇರಲ್ಲ ಅಕ್ಕ ಅದು, ಬೀದಿ ಕೇಳೋ ಹಾಗೆ ಕಿರುಚತ್ತೆ," ಎಂದ ಮಂಜುನಾಥ. "ಮೇ ಕೊನೇಲಿ ಕರೀತಾರೆ. ನಿನ್ ಕೈಗೆ ಹಾಕ್ತಾ ಇದೀನಿ. ದಾರಿಗೆ ತಾ."

ನಾನು ಒಂದು ನೋಟ್‌ಬುಕ್ಕಿಗೆ ಕಾಗದದ ಹೊದಿಕೆ ಹಾಕಿ, ವಾರವಾರು ಪಾಠಯೋಜನೆ ಬರೆದೆ. ಮೊದಲ ಪುಟದ ಮೊದಲ ವಾಕ್ಯ ಈಗಲೂ ಬಾಯಿಪಾಠವಾಗಿದೆ: 'ಮಗು ಯಾರಿಗಾಗಿ ಅಳುತ್ತದೆಯೆಂಬುದನ್ನು ಗುರುತಿಸಿ, ಆ ವ್ಯಕ್ತಿಯನ್ನು ಮೊದಲು ದೂರವಿರಿಸತಕ್ಕದ್ದು.'

ಏಪ್ರಿಲ್ ಮೊದಲ ವಾರ ಸಿಂಚನ ನನ್ನ ಮನೆಗೆ ಬಂದಳು. ಜಗಲಿಯ ಪಕ್ಕದ ಕೋಣೆಯನ್ನು ತರಗತಿ ಮಾಡಿದ್ದೆ. ಒಂದು ಚಾಪೆ, ಒಂದು ಸ್ಲೇಟು, ಒಂದು ಹಿತ್ತಾಳೆಯ ಗಂಟೆ. ಒಂಬತ್ತೂವರೆಗೆ ಗಂಟೆ, ಹನ್ನೆರಡೂವರೆಗೆ ಗಂಟೆ. ನಡುವೆ ಅವಳು ಚಾಪೆ ಬಿಡಬಾರದು. ಎದುರಿನ ಗೋಡೆಯಲ್ಲಿ ದೊಡ್ಡ ಅಂಕಿಗಳ ಕ್ಯಾಲೆಂಡರು. ಅವಳು ಅತ್ತ ಪ್ರತಿಯೊಂದು ಸಲಕ್ಕೂ ಅಂದಿನ ತಾರೀಖಿನ ಮೇಲೆ ಒಂದು ಕೆಂಪು ಸುತ್ತು. ವಾರದಲ್ಲಿ ಮೂರಕ್ಕಿಂತ ಹೆಚ್ಚು ಸುತ್ತುಗಳಾದರೆ ಶನಿವಾರ ಅವ್ವ ಮನೆಯೊಳಗೆ ಬರುವಂತಿಲ್ಲ. ಇದನ್ನು ಅವಳಿಗೆ ಅರ್ಥವಾಗುವ ತನಕ, ಅವಳ ಭಾಷೆಯಲ್ಲೂ ನನ್ನ ಭಾಷೆಯಲ್ಲೂ ವಿವರಿಸಿದೆ. ಅರ್ಥವಾದದ್ದು ಗೊತ್ತಾಯಿತು. ತಕ್ಷಣ ಅತ್ತಳು. ನಾನು ಎದ್ದು ಮೊದಲ ಸುತ್ತು ಹಾಕಿದೆ.

ಆ ವರ್ಷ ಬಿಸಿಲು ಬೇಗ ಬಂತು. ಟೊಮ್ಯಾಟೊ ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿದಾಗ ಕೊಳೆತ ಹಣ್ಣಿನ ಹುಳಿ ಕೋಣೆಯೊಳಕ್ಕೆ ನುಗ್ಗುತ್ತಿತ್ತು. ಚಾಪೆಯ ಮೇಲೆ ಕುಳಿತ ಮಗುವಿನ ಕತ್ತಿನಲ್ಲಿ ಬೆವರುಸಾಲೆ ಎದ್ದಿತು. ಸ್ಲೇಟಿನ ಮೇಲೆ ಸೊನ್ನೆ ಬರೆಯಿಸುತ್ತಿದ್ದೆ. ಮಕ್ಕಳ ಕೈ ಮೊದಲು ತಿರುಗಬೇಕಾದದ್ದು ಸೊನ್ನೆಗೆ. ಅವಳ ಸೊನ್ನೆಗಳು ಎಂದೂ ಮುಚ್ಚುತ್ತಿರಲಿಲ್ಲ. ಆರಂಭಿಸಿದ ಜಾಗವನ್ನು ತಲಪುವ ಮೊದಲೇ ಗೆರೆ ಬೇರೆಲ್ಲಿಗೋ ಹೋಗಿಬಿಡುತ್ತಿತ್ತು. ಬಾಗಿಲು ತೆರೆದ ಮನೆ ಎಂದು ಹೇಳಿ ಒರೆಸಿ ಮತ್ತೆ ಬರೆಯಿಸುತ್ತಿದ್ದೆ.

ಎರಡನೆಯ ವಾರದ ಪಾಠ ಊಟದ ಡಬ್ಬಿ ತೆರೆಯುವುದು. ಶಿಶುವಿಹಾರದಲ್ಲಿ ಯಾರೂ ತೆರೆದುಕೊಡುವುದಿಲ್ಲವಾದ್ದರಿಂದ ಬಿಗಿಯಾದ ಮುಚ್ಚಳದ ಡಬ್ಬಿಯನ್ನೇ ಆರಿಸಿದ್ದೆ. ಅದರಲ್ಲಿ ಅವಳಿಗಿಷ್ಟವಾದ ಚಿತ್ರಾನ್ನ ಹಾಕಿ ಮುಂದಿಟ್ಟೆ. ಉಗುರು ಹಾಕಿದಳು, ಮೊಣಕಾಲುಗಳ ನಡುವೆ ಇಟ್ಟು ಎಳೆದಳು, ಕೊನೆಗೆ ನನ್ನ ಕಡೆಗೆ ಚಾಚಿದಳು.

"ಅತ್ತೆ, ತೀಯಿ."

"ಕನ್ನಡದಲ್ಲಿ."

"ತೆಗಿ ಅತ್ತೆ."

"ನೀನೇ ತೆಗೆಯಬೇಕು."

ಒಂದು ಗಂಟೆಯಾಯಿತು, ಎರಡಾಯಿತು. ನಾನು ಎದುರಿಗೇ ಕುಳಿತು ನನ್ನ ತಟ್ಟೆಯಲ್ಲಿ ಉಂಡೆ. ಮೂರಕ್ಕೆ ಅವಳು ಡಬ್ಬಿಯ ಮೇಲೆ ಕೆನ್ನೆಯಿಟ್ಟು ನಿದ್ದೆಹೋದಳು. ಸಂಜೆ ಎದ್ದು ಮತ್ತೆ ಪ್ರಯತ್ನಿಸಿ ತೆರೆದಳು. ಅಷ್ಟರಲ್ಲಿ ಅನ್ನ ಹಳಸಿತ್ತು. 'ಡಬ್ಬಿ: ಸಾಧಿಸಿದಳು' ಎಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಶೈಲಜಾ ಪಾಳಿ ಮುಗಿಸಿ ಫೋನು ಮಾಡುತ್ತಿದ್ದಳು. "ಅಕ್ಕ, ಒಂದ್ ನಿಮಿಷ ಅವಳ ಕೈಗೆ ಕೊಡಿ. ಮಾತಾಡಲ್ಲ ನಾನು, ಸುಮ್ನೆ ಕೇಳಿಸ್ಕೋತೀನಿ."

"ನಡುವೆ ಬಿಟ್ಟರೆ ಮಕ್ಕಳು ಇನ್ನೂ ಕೆಡುತ್ತಾರೆ. ನಿನಗೆ ಸೀಟು ಬೇಕೋ ಬೇಡವೋ?"

ಸೀಟು ಬೇಕಾಗಿತ್ತು. ಅವಳು ಫೋನು ಇಡುತ್ತಿದ್ದಳು.

ಮೊದಲ ಶನಿವಾರ ನಾರಾಯಣಮ್ಮ ಮಾಸ್ತಿಯಿಂದ ಮಾಲೂರಿಗೊಂದು, ಅಲ್ಲಿಂದ ಕೋಲಾರಕ್ಕೊಂದು ಬಸ್ಸು ಹಿಡಿದು ಹನ್ನೊಂದಕ್ಕೆ ಗೇಟಿನ ಮುಂದೆ ನಿಂತರು. ಮನೆಯ ಹಸು ಈದಿತ್ತು. ಸ್ಟೀಲಿನ ಡಬ್ಬಿಯಲ್ಲಿ ಗಿಣ್ಣು ಇತ್ತು. ಒಳಗೆ ಕ್ಯಾಲೆಂಡರಿನಲ್ಲಿ ಹದಿನಾಲ್ಕು ಸುತ್ತುಗಳಿದ್ದವು.

"ಈ ವಾರ ಸಾಧ್ಯವಿಲ್ಲ ನಾರಾಯಣಮ್ಮನವರೇ," ಎಂದು ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡೇ ನಿಯಮವನ್ನು ವಿವರಿಸಿದೆ.

ಅವರಿಗೆ ಕೋಪ ಬರಲಿಲ್ಲ. ಓದಿದವರು ಹೇಳುವುದರಲ್ಲಿ ಏನೋ ಇರುತ್ತದೆಂದು ನಂಬಿದ ಹೆಂಗಸು. "ಆಗ್ಲಿ ಟೀಚರಮ್ಮ. ದೂರದಿಂದ ಒಂದ್ಸಲ ನೋಡ್ಕೊಂಡ್ ಹೋಗ್ಲಾ?"

"ನೋಡಿದರೆ ಅಳುತ್ತಾಳೆ. ಅತ್ತರೆ ಮುಂದಿನ ವಾರದ ಲೆಕ್ಕಕ್ಕೆ ಸೇರುತ್ತದೆ."

"ಅಯ್ಯೋ, ಬೇಡ ಬೇಡ. ಇದನ್ನಾದ್ರೂ ಕೊಡಿ. ನಾ ತಂದಿದ್ದು ಅಂತ ಹೇಳ್ಬೇಡಿ."

"ರುಚಿಯಲ್ಲೇ ಗೊತ್ತಾಗುತ್ತದೆ ಅವಳಿಗೆ."

ಅವರು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದುರು ಮನೆಯ ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತರು. ನಾನು ಒಳಗೆ ಬಂದಾಗ ಸಿಂಚನ ಚಾಪೆ ಬಿಟ್ಟು ಕಿಟಕಿಯ ಸರಳು ಹಿಡಿದಿದ್ದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಿಟಕಿ ಮುಚ್ಚಿದೆ.

"ಅವ್ವ ಯಾಕೆ ಹೋಗುತ್ತಿದ್ದಾಳೆ?" ಎಂದು ಕೇಳಿದೆ. ಪಾಠವನ್ನು ಮಗುವಿನ ಬಾಯಿಂದಲೇ ಹೊರಡಿಸುವುದು ಸರಿಯಾದ ಕ್ರಮ. ಐದಾರು ಸಲ ಕೇಳಿದ ಮೇಲೆ ಬಿಕ್ಕುತ್ತ ಹೇಳಿದಳು:

"ನಾನು ಅತ್ತೆ."

ಎರಡನೆಯ ಶನಿವಾರ ಒಂಬತ್ತು ಸುತ್ತು. ಮೂರನೆಯದಕ್ಕೆ ಆರು. ನಾಲ್ಕನೆಯ ವಾರ ನಾಲ್ಕೇ ನಾಲ್ಕು. ನಿಯಮಕ್ಕಿಂತ ಒಂದು ಹೆಚ್ಚು. ಆ ದಿನ ನಾರಾಯಣಮ್ಮ ಗೇಟಿನ ಹೊರಗಿನಿಂದ, "ಒಂದೇ ತಾನೇ ಟೀಚರಮ್ಮ, ನನ್ ಲೆಕ್ಕಕ್ಕೆ ಬರ್ಕೊಳಿ ಅದನ್ನ," ಎಂದು ನಗಲು ಪ್ರಯತ್ನಿಸಿದರು. ನಾನು ನಗಲಿಲ್ಲ. ಆ ನಾಲ್ಕು ವಾರವೂ ಅವರು ನೇರವಾಗಿ ಊರಿಗೆ ಹೋದರೆಂದೇ ನಾನು ತಿಳಿದಿದ್ದೆ. ಒಬ್ಬ ಬ್ಯಾಗು ಹೊಲಿಯುವವನ ಸ್ಟೂಲಿನ ಮೇಲೆ ಕುಳಿತು ಮೊಮ್ಮಗಳ ಪಾಲಿನ ತಿಂಡಿಯನ್ನು ಬೇರೆ ಮಕ್ಕಳಿಗೆ ಬಡಿಸಿದ್ದು ತಿಳಿಯಲು ಆರು ವರ್ಷ ಬೇಕಾಯಿತು.

ಐದನೆಯ ವಾರ ಸುತ್ತು ಬೀಳಲಿಲ್ಲ. ಒಂದೂ ಇಲ್ಲ. ಸೋಮವಾರ ಅವಳು ಜಗಲಿಯ ಮೆಟ್ಟಿಲಲ್ಲಿ ಜಾರಿ ಮೊಣಕಾಲು ತರಚಿಕೊಂಡಳು. ಬಾಯಿ ತೆರೆಯಿತು. ಕ್ಯಾಲೆಂಡರಿನ ಕಡೆ ನೋಡಿದಳು. ಬಾಯಿ ಮುಚ್ಚಿತು. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಮಾತ್ರ ನಾನು ಕಂಡಿದ್ದ ಸಂತೋಷ ಅದು.

ಆ ಶನಿವಾರ ಶ್ರೀನಿವಾಸಪುರದ ಮಾವಿನಹಣ್ಣಿನ ಮೊದಲ ಗಾಡಿಗಳು ಬೀದಿಗೆ ಬಂದಿದ್ದವು. ನಾರಾಯಣಮ್ಮ ಒಂದು ಚೀಲ ಹಣ್ಣು ಹಿಡಿದು ಗೇಟಿನಲ್ಲಿ ನಿಂತಾಗ ನಾನೇ ಹೋಗಿ ಚಿಲಕ ತೆಗೆದೆ. ಅವರು ಚಪ್ಪಲಿ ಬಿಡುವುದನ್ನು ಮರೆತು ಕೋಣೆಯ ಬಾಗಿಲವರೆಗೆ ಓಡಿದರು.

"ಬಂಗಾರು ತಲ್ಲೀ, ರಾವೇ ನಾ ತಲ್ಲೀ," ಬಾರೇ ನನ್ನ ತಾಯಿ ಎಂದು ತೆಲುಗಿನಲ್ಲಿ ಕರೆದು ಎರಡೂ ಕೈ ಚಾಚಿದರು.

ಸಿಂಚನ ಚಾಪೆಯ ಮೇಲೆ ಕೈಕಟ್ಟಿ ಕುಳಿತಿದ್ದಳು. ಎದ್ದು ಬರಲಿಲ್ಲ. ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು. ಅವ್ವನೇ ಹೋಗಿ ಎತ್ತಿಕೊಂಡರು. ಐದು ವಾರದ ಹಿಂದೆ ಸೊಂಟಕ್ಕೆ ಬಳ್ಳಿಯಂತೆ ಸುತ್ತಿಕೊಳ್ಳುತ್ತಿದ್ದ ಮೈ ಈಗ ಸೌದೆಯ ಹಾಗೆ ನೇರವಾಗಿತ್ತು. ಕಾಲುಗಳು ತೂಗಾಡುತ್ತಿದ್ದವು. ಅವ್ವನಿಗೆ ಅಳು ತಡೆಯಲಿಲ್ಲ.

ಆಗ ಮಗು ಗಾಬರಿಯಾಯಿತು. ಅವ್ವನ ಬಾಯಿಯ ಮೇಲೆ ಅಂಗೈಯಿಟ್ಟು ಒತ್ತಿತು. ಇನ್ನೊಂದು ಕೈಯಿಂದ ಅವ್ವನ ಸೆರಗು ಹಿಡಿದು ಅವರ ಕಣ್ಣುಗಳನ್ನು ಬೇಗಬೇಗ ಒರೆಸಿತು, ಯಾರೋ ನೋಡುವುದರೊಳಗೆ ಒರೆಸಿಬಿಡಬೇಕೆಂಬಂತೆ. ಪಿಸುಗುಟ್ಟಿದ್ದು ತೆಲುಗಿನಲ್ಲಲ್ಲ, ಕನ್ನಡದಲ್ಲಿ:

"ಅಳಬೇಡ ಅವ್ವ. ಅತ್ತೆ ಸುತ್ತು ಹಾಕ್ತಾಳೆ. ನೀನು ಹೋಗ್ಬೇಕಾಗತ್ತೆ."

ನಾರಾಯಣಮ್ಮ ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೊದಲ ಸಲ ಸರಿಯಾಗಿ ನೋಡಿದರು. ಮೊಮ್ಮಗಳನ್ನು ಮೆಲ್ಲಗೆ ಚಾಪೆಯ ಮೇಲೆ ಇಳಿಸಿದರು. ಹಣ್ಣಿನ ಚೀಲವನ್ನು ಪಕ್ಕದಲ್ಲಿಟ್ಟು ಹೊರಗೆ ಬಂದರು. ಗೇಟಿನ ಹತ್ತಿರ ನಿಂತು, ದನಿ ಏರಿಸದೆ, ನನ್ನ ಮುಖವನ್ನೂ ನೋಡದೆ ಹೇಳಿದರು:

"ಇನ್ ನಾನ್ ಬರಲ್ಲ ಟೀಚರಮ್ಮ. ಬಂದ್ರೆ ತಾನೇ ಅದು ಹೆದರ್ಕೊಳ್ಳೋದು. ಹಸುವಿಂದ ಕರೂನ ಬಿಡಿಸೋವಾಗ ನಾವೂ ಕಟ್ಟಿಹಾಕ್ತೀವಿ. ಆದ್ರೆ ಕರು ಕೂಗಿದ್ರೆ ಹೊಡಿಯಲ್ಲ."

ನಾನು ಮಗುವನ್ನು ಹೊಡೆದಿಲ್ಲವೆಂದು ಉತ್ತರಿಸಿದೆ. ಅದು ಸತ್ಯವಾಗಿತ್ತು. ಅವರು ಅಷ್ಟರಲ್ಲಿ ಬೀದಿಯ ತಿರುವು ದಾಟಿದ್ದರು. ಅಂದಿನಿಂದ ಇಂದಿನವರೆಗೆ ಅವರು ಕೋಲಾರಕ್ಕೆ ಬಂದಿಲ್ಲ.

ಮೇ ಕೊನೆಯಲ್ಲಿ ಶಿಶುವಿಹಾರದಿಂದ ಕರೆ ಬಂದ ದಿನ ಮುಂಗಾರಿನ ಮೊದಲ ಮಳೆ ಸುರಿಯಿತು. ತಗಡಿನ ಮಾಡಿನ ಕೆಳಗೆ ಬೇರೆ ಹೆತ್ತವರೊಂದಿಗೆ ನಾವೂ ಒತ್ತಿಕೊಂಡು ನಿಂತಿದ್ದೆವು. ಒಳಗಿನಿಂದ ಹತ್ತು ಹನ್ನೆರಡು ಮಕ್ಕಳ ಗೋಳು ಮಳೆಯ ಸದ್ದನ್ನು ಮೀರಿ ಕೇಳುತ್ತಿತ್ತು. ಒಂದು ಗಂಟೆಯ ಮೇಲೆ ಬಾಗಿಲು ತೆರೆದ ಅಲ್ಲಿನ ಮೇಡಂ ಸಿಂಚನಳ ಕೈ ಹಿಡಿದು ಎಲ್ಲರಿಗೂ ತೋರಿಸಿದರು. "ಈ ಮಗು ಒಂದು ಹನಿ ಕಣ್ಣೀರು ಹಾಕಿಲ್ಲ ನೋಡಿ. ಯಾರ್ರೀ ಟ್ರೈನ್ ಮಾಡಿದ್ದು?" ಮಂಜುನಾಥ ಎದೆಯುಬ್ಬಿಸಿ ನನ್ನ ಕಡೆಗೆ ಬೆರಳು ತೋರಿಸಿದ. ಶೈಲಜಾ ಮಗಳನ್ನು ಅಪ್ಪಿಕೊಂಡು, ನಂತರ ಸ್ವಲ್ಪ ಹಿಂದೆ ಸರಿದು ಅವಳ ಮುಖವನ್ನು ನೋಡಿದಳು. ಏನೋ ಹುಡುಕುವಂತೆ ಬಹಳ ಹೊತ್ತು ನೋಡಿದಳು.

ಆ ವರ್ಷವೇ ಅವರು ಕೋಲಾರಕ್ಕೆ, ನನ್ನ ಮನೆಯಿಂದ ಎರಡು ಬೀದಿಯಾಚೆಗೆ ಬಂದು ನೆಲೆಸಿದರು. ಆಗಸ್ಟಿನಲ್ಲಿ ಶಿಶುವಿಹಾರದ ಬಾಗಿಲಿನ ಸಂದಿಗೆ ಸಿಂಚನಳ ಬಲಗೈಯ ತೋರುಬೆರಳು ಸಿಕ್ಕಿಕೊಂಡಿತು. ಅವಳು ಸದ್ದು ಮಾಡಲಿಲ್ಲ. ಪಕ್ಕದ ಮಗು ತನ್ನ ಚಿತ್ರದ ಪುಸ್ತಕದ ಮೇಲೆ ರಕ್ತ ನೋಡಿ ಕಿರುಚಿದ ಮೇಲೆಯೇ ಅಲ್ಲಿಯವರಿಗೆ ತಿಳಿದದ್ದು. ಉಗುರು ಬಿದ್ದುಹೋಗಿ, ನಡುವೆ ಸೀಳಿಕೊಂಡಂತೆ ಮತ್ತೆ ಬೆಳೆಯಿತು. ಈ ಸಂಗತಿಯನ್ನು ನಾನು ಪರಿಚಯದವರಿಗೆಲ್ಲ ಅವಳ ಹೊಗಳಿಕೆಯಾಗಿ ಹೇಳಿದ್ದೇನೆ.

ಕಳೆದ ಶನಿವಾರ ಇದೆಲ್ಲ ಖಾಲಿದ್ ಭಾಯಿಯ ಅಂಗಡಿಯಿಂದ ನನ್ನ ಗೇಟಿನವರೆಗೆ ಜೊತೆಯಲ್ಲೇ ನಡೆದು ಬಂತು. ಪುಟ್ಟಿಯ ವಿಷಯದಲ್ಲಿ ತಮ್ಮನಿಗೆ ಆಗುವುದಿಲ್ಲವೆಂದು ಹೇಳಬೇಕು, ನೋಟ್‌ಬುಕ್ಕನ್ನು ಅವನಿಂದ ವಾಪಸು ಪಡೆದು ಹರಿದುಹಾಕಬೇಕು ಎಂದು ದಾರಿಯಲ್ಲಿಯೇ ನಿಶ್ಚಯಿಸಿದ್ದೆ. ಕಳೆದ ತಿಂಗಳು ಅವನು ಅದನ್ನು ಓದಿ ನೋಡುತ್ತೇನೆಂದು ಕೊಂಡೊಯ್ದಿದ್ದ.

ಜಗಲಿಯ ಮೇಲೆ ಸಿಂಚನ ಕುಳಿತಿದ್ದಳು. ಈಗ ಅವಳಿಗೆ ಒಂಬತ್ತು ವರ್ಷ. ಪಕ್ಕದಲ್ಲಿ ಅವಳ ಶಾಲೆಯ ಬ್ಯಾಗಿತ್ತು. ಅದರ ತುಂಬ ಬಟ್ಟೆ, ಮೇಲೆ ಹಲ್ಲುಜ್ಜುವ ಬ್ರಷ್ಷು. ಮಡಿಲಲ್ಲಿ ಕಾಗದದ ಹೊದಿಕೆಯ ನೋಟ್‌ಬುಕ್ಕು.

"ಏನೇ ಇದು?"

"ಪುಟ್ಟಿಗೆ ಶುರು ಮಾಡ್ಬೇಕಲ್ಲ ಅತ್ತೆ. ಮೊದಲನೇ ಪುಟದಲ್ಲೇ ಇದೆ, ಯಾರಿಗೋಸ್ಕರ ಅಳತ್ತೋ ಅವರು ದೂರ ಇರ್ಬೇಕು ಅಂತ." ಅವಳು ಪುಟ ತೆರೆದು ಆ ವಾಕ್ಯದ ಕೆಳಗೆ ಬೆರಳಿಟ್ಟಳು. "ಅಮ್ಮ ಡ್ಯೂಟಿಗೆ ಹೋದ್ರೆ ಅವಳು ಅಳಲ್ಲ. ಅಪ್ಪ ಹೋದ್ರೂ ಅಳಲ್ಲ. ಒಂದು ವಾರ ನೋಡ್ದೆ. ನಾನ್ ಹೋದ್ರೆ ಮಾತ್ರ ಅಳೋದು. ಅದಕ್ಕೇ ಬಂದ್ಬಿಟ್ಟೆ. ಇಲ್ಲೇ ಇರ್ತೀನಿ."

"ಅಪ್ಪನಿಗೆ ಹೇಳಿದ್ದೀಯಾ?"

"ಹೇಳ್ದೆ. ಒಳ್ಳೆ ಐಡಿಯಾ ಅಂದ್ರು."

ನಾನು ಅವಳ ಪಕ್ಕ ಕುಳಿತೆ. "ಅದೆಲ್ಲ ಬೇಡ ಸಿಂಚನ. ಮನೆಗೆ ಹೋಗು. ಪುಟ್ಟಿ ಅತ್ತರೆ ಅಳಲಿ ಬಿಡು."

ಲೆಕ್ಕದಲ್ಲಿ ತಪ್ಪಿದ ಸಹಪಾಠಿಯನ್ನು ನೋಡುವಂತೆ ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಸ್ವಲ್ಪ ಕನಿಕರವಿತ್ತು.

"ನಡುವೆ ಬಿಟ್ರೆ ಇನ್ನೂ ಕೆಡ್ತಾರೆ ಅಂತ ನೀವೇ ಹೇಳ್ತಿದ್ರಂತಲ್ಲ. ನಾನ್ ಬಂದು ಅರ್ಧ ಗಂಟೆ ಆಯ್ತು. ಈಗ ಹೋದ್ರೆ, ಅತ್ರೆ ಅಕ್ಕ ಬರ್ತಾಳೆ ಅಂತ ಕಲಿತ್ಬಿಡ್ತಾಳೆ."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಮಂಜುನಾಥ. ಅವನ ಮಾತಿನ ಹಿಂದೆ ಪುಟ್ಟಿಯ ಅಳು ಕೇಳುತ್ತಿತ್ತು, ಅಕ್ಕಾ ಅಕ್ಕಾ ಎಂದು ಉಸಿರು ಕಟ್ಟಿ ಕಟ್ಟಿ. "ನಿನ್ ಶಿಷ್ಯೆ ಬಂದ್ಲಾ ಅಕ್ಕ?" ಎಂದು ಅವನು ನಗುತ್ತಿದ್ದ. ನಾನು ಫೋನನ್ನು ಸಿಂಚನಳ ಕಡೆಗೆ ಚಾಚಿದೆ. ಆ ದನಿ ಅವಳ ಕಿವಿಗೆ ಬಿದ್ದರೆ ಎದ್ದು ಓಡಬಹುದೆಂದು ಆಸೆಪಟ್ಟೆ.

ಅವಳಿಗೆ ಕೇಳಿಸಿತು. ಫೋನನ್ನು ಮುಟ್ಟಲಿಲ್ಲ.

"ಎಷ್ಟು ಸಲ ಅತ್ತಳು ಅಂತ ಕೇಳಿ ಅತ್ತೆ. ಒಂದೇ ಸಮ ಅಳ್ತಿದ್ರೆ ಒಂದು ಅಂತ ಹಾಕ್ಲಾ?"

ಎದ್ದು ಒಳಗೆ ಹೋದಳು. ಪ್ರತಿಯೊಂದು ವಸ್ತುವೂ ಅದರ ಜಾಗದಲ್ಲೇ ಇರಬೇಕೆಂಬುದು ನನ್ನ ಮನೆಯ ನಿಯಮ. ಕೆಂಪು ಪೆನ್ನು ಎಲ್ಲಿದೆಯೆಂದು ಅವಳು ಕೇಳಬೇಕಾಗಲಿಲ್ಲ. ಮೇಜಿನ ಎರಡನೆಯ ಖಾನೆ ಎಳೆದ ಸದ್ದು ಕೇಳಿಸಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಈ ವರ್ಷದ ಕ್ಯಾಲೆಂಡರಿನ ಮುಂದೆ ತುದಿಗಾಲಿನಲ್ಲಿ ನಿಂತಿದ್ದಳು. ಸೀಳಿದ ಉಗುರಿನ ಆ ಬೆರಳಿನಲ್ಲಿ ಪೆನ್ನನ್ನು ಒತ್ತಿ ಹಿಡಿದು, ಶನಿವಾರದ ಅಂಕಿಯ ಸುತ್ತ ನಿಧಾನವಾಗಿ ಒಂದು ಸೊನ್ನೆ ಎಳೆದಳು. ಗೆರೆ ಆರಂಭಿಸಿದ ಜಾಗಕ್ಕೇ ಬಂದು ಸೇರಿತು. ಎಲ್ಲಿ ಮುಚ್ಚಿದಳೆಂದು ನನ್ನ ಕಣ್ಣಿಗೂ ತಿಳಿಯಲಿಲ್ಲ.